ಸುಟ್ಟ ಮೋಟರಿನಿಂದ ಹುಟ್ಟಿದ ಮಿಕ್ಸಿ

ದೋಸೆಗೆ ನೆನೆಸಿದ ಉದ್ದು, ಚಟ್ನಿಗೆ ತೆಂಗಿನಕಾಯಿ, ಸಾರಿನ ಪುಡಿಗೆ ಹುರಿದ ಕೊತ್ತಂಬರಿ ಬೀಜ. ಇವೆಲ್ಲವನ್ನೂ ಒಂದೇ ಯಂತ್ರ ನಿಭಾಯಿಸಬೇಕೆಂದು ಇಂದು ಪ್ರತಿ ಮನೆಯೂ ನಿರೀಕ್ಷಿಸುತ್ತದೆ. 1960ರ ದಶಕದ ಆರಂಭದಲ್ಲಿ ಈ ನಿರೀಕ್ಷೆಗೆ ಆಧಾರವಿರಲಿಲ್ಲ.

ಮುಂಬೈಯ ಸತ್ಯಪ್ರಕಾಶ್ ಮಾಥುರ್ ಆಗ ಸೀಮೆನ್ಸ್ ಸಂಸ್ಥೆಯಲ್ಲಿ ಎಂಜಿನಿಯರ್. ಅವರ ಪತ್ನಿ ಮಾಧುರಿ ಬಳಸುತ್ತಿದ್ದ ಜರ್ಮನಿಯ ಬ್ರೌನ್ ಮಿಕ್ಸರಿನ ಮೋಟರ್ ಒಮ್ಮೆ ಸುಟ್ಟುಹೋಯಿತು. ಭಾರತದಲ್ಲಿ ಅದನ್ನು ದುರಸ್ತಿ ಮಾಡಿಸುವ ವ್ಯವಸ್ಥೆ ಇರಲಿಲ್ಲ. ಮಾಥುರ್ ತಾವೇ ಯಂತ್ರವೊಂದನ್ನು ರೂಪಿಸಲು ಹೊರಟರು. 1963ರಲ್ಲಿ ಪವರ್ ಕಂಟ್ರೋಲ್ ಅಂಡ್ ಅಪ್ಲಯನ್ಸಸ್ ಕಂಪನಿ ಸ್ಥಾಪನೆಯಾಯಿತು. ಅದರ ಮಿಕ್ಸಿಗೆ ಇಟ್ಟ ಹೆಸರು 'ಸುಮೀತ್', ಅಂದರೆ ಒಳ್ಳೆಯ ಗೆಳೆಯ.

ಸುಟ್ಟ ಯಂತ್ರವನ್ನು ದೂರುವುದು ನ್ಯಾಯವಲ್ಲ. ಹಣ್ಣಿನ ರಸ ತೆಗೆಯಲು, ಕೇಕಿನ ಹಿಟ್ಟು ಕಲಸಲು ಸಿದ್ಧವಾದ ಯಂತ್ರದ ಮುಂದೆ ಉದ್ದಿನಬೇಳೆ ಬಂದು ಕುಳಿತಿತ್ತು! ನೆನೆದ ಉದ್ದು ನುಣ್ಣಗಾದಂತೆ ಅಂಟು ಹೆಚ್ಚಿ ಬ್ಲೇಡಿಗೆ ತಡೆಯೊಡ್ಡುತ್ತದೆ. ವೇಗ ಕುಗ್ಗಿದ ಮೋಟರ್ ಹೆಚ್ಚು ವಿದ್ಯುತ್ ಎಳೆದುಕೊಂಡು ಕಾಯುತ್ತದೆ. ತಂಪುಗೊಳಿಸುವ ಫ್ಯಾನ್ ಸಾಮಾನ್ಯವಾಗಿ ಅದೇ ದಂಡಕ್ಕೆ ಜೋಡಿಸಿರುವುದರಿಂದ ಬೇಕಾದ ಹೊತ್ತಿನಲ್ಲೇ ಗಾಳಿಯೂ ಕಡಿಮೆಯಾಗುತ್ತದೆ. ಕೊನೆಗೆ ತಂತಿಸುರುಳಿಯ ಲೇಪನ ಕರಗಿ, ಎಲ್ಲರಿಗೂ ಪರಿಚಿತವಾದ ಆ ಸುಟ್ಟ ವಾಸನೆ ಏಳುತ್ತದೆ. ಇಂದಿನ ಬಹುತೇಕ ಮಿಕ್ಸಿಗಳ ತಳದಲ್ಲಿರುವ ಪುಟ್ಟ ಗುಂಡಿ ಈ ಅಪಾಯಕ್ಕೆ ಕಾವಲು. ಹೊರೆ ಮಿತಿಮೀರಿದರೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಯಂತ್ರ ತಣಿದ ಮೇಲೆ ಒತ್ತಿದರೆ ಮತ್ತೆ ಚಾಲನೆ.

ಸುಮೀತ್‌ನಲ್ಲಿ ಮೋಟರಿನ ಬಲ ಹೆಚ್ಚಿತ್ತು. ಸ್ಟೀಲ್ ಜಾರ್‌ಗಳಿದ್ದವು; ರುಬ್ಬಲು, ಪುಡಿ ಮಾಡಲು ಬೇರೆ ಬೇರೆ ಬ್ಲೇಡುಗಳಿದ್ದವು. ಹೊಸ ತತ್ತ್ವವೇನನ್ನೂ ಮಾಥುರ್ ಕಂಡುಹಿಡಿಯಲಿಲ್ಲ. ಅಡುಗೆಮನೆಯ ಕೆಲಸವನ್ನು ಅಳೆದು ಅದಕ್ಕೆ ತಕ್ಕ ಯಂತ್ರ ಕಟ್ಟಿದರು. ಆ ಕೆಲಸ ಎಂಥದೆಂದು ತೋರಿಸಿಕೊಟ್ಟ ಮಾಧುರಿ ಅವರಿಗೂ ಇದರಲ್ಲಿ ಪಾಲು ಸಲ್ಲಬೇಕು.

ಆದರೆ ಒರಳುಕಲ್ಲಿನ ಕಡೆಯವರ ವಾದವನ್ನು ಮಿಕ್ಸಿ ಪೂರ್ತಿ ಗೆಲ್ಲಲಿಲ್ಲ. ಅತಿವೇಗದ ಬ್ಲೇಡ್ ಹಿಟ್ಟನ್ನು ಬಿಸಿ ಮಾಡುತ್ತದೆ. ನಿಧಾನವಾಗಿ ತಿರುಗುವ ಕಲ್ಲು ಅಷ್ಟು ಬಿಸಿ ಮಾಡದು. ಇಡ್ಲಿ ಹಿಟ್ಟಿಗೆ ಇಂದಿಗೂ ಅನೇಕರು ಕೊಯಮತ್ತೂರಿನ ಗ್ರೈಂಡರನ್ನೇ ನಂಬುತ್ತಾರೆ.

'ಸುಮೀತ್' ಹೆಸರಿನ ಬೆಲೆ ಎಷ್ಟಿತ್ತೆಂದರೆ, ಅದರ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 1994ರಲ್ಲಿ ಅಲ್ಲಿ ತೀರ್ಪು ಬಂತು.