ರಾಮ್‌ಸಾರ್ ಎಂದರೆ ಯಾವ ಊರಿನ ಮೇಷ್ಟ್ರು?

ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು ಇದೇ ಪ್ರಶ್ನೆ ಕೇಳಿದಾಗ ನನಗೂ ನಗು ತಡೆಯಲಾಗಲಿಲ್ಲ. ಆದರೆ ಪ್ರಶ್ನೆ ಹುಟ್ಟಿದ್ದು ನಮ್ಮ ಪಕ್ಕದಲ್ಲೇ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ರಾಮ್‌ಸಾರ್ ಎಂಬುದು ಇರಾನ್ ದೇಶದ ಒಂದು ಊರು. ಕೆರೆ, ಜೌಗುನೆಲಗಳ ರಕ್ಷಣೆಗೆಂದು 1971ರ ಫೆಬ್ರುವರಿ 2ರಂದು ಅಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 1982ರಲ್ಲಿ ಅದಕ್ಕೆ ಸೇರಿತು.

ಹಳ್ಳಿಯ ಕೆರೆಗೆ ಇಷ್ಟೊಂದು ದೇಶಗಳ ಒಪ್ಪಂದ ಏಕೆ ಬೇಕು? ಪಟ್ಟೆತಲೆ ಹೆಬ್ಬಾತನ್ನು ನೋಡಿ. ಮಂಗೋಲಿಯಾ, ಟಿಬೆಟ್ಟಿನ ಕಡೆ ಮರಿ ಮಾಡುವ ಈ ಹಕ್ಕಿ ಹಿಮಾಲಯ ದಾಟಿ ಚಳಿಗಾಲಕ್ಕೆ ನಮ್ಮ ನಾಡಿನ ಕೆರೆಗಳಿಗೆ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡದ್ದುಂಟು. ಅಲ್ಲಿಯವರು ಎಷ್ಟು ಜೋಪಾನ ಮಾಡಿದರೂ ಇಲ್ಲಿ ಕೆರೆ ಕೆಟ್ಟರೆ ಎಲ್ಲ ವ್ಯರ್ಥ.

ತೊಡಕು ಏನೆಂದರೆ, ಈ ಒಪ್ಪಂದಕ್ಕೆ ದಂಡ ವಿಧಿಸುವ ಅಧಿಕಾರವಿಲ್ಲ. ತಾಣ ಹದಗೆಡುತ್ತಿದ್ದರೆ ಆ ದೇಶವೇ ವರದಿ ಮಾಡಬೇಕು. ಅಂಥವುಗಳ ಹೆಸರು ಬರೆಯಲು 'ಮಾಂಟ್ರೋ ದಾಖಲೆ' ಎಂಬ ಪಟ್ಟಿಯಿದೆ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಇದ್ದಂತೆ! ಆದರೂ ಅಂಜಿಕೆ ಕೆಲವೊಮ್ಮೆ ಕೆಲಸ ಮಾಡುತ್ತದೆ. ಒಡಿಶಾದ ಚಿಲಿಕಾ ಸರೋವರ 1993ರಲ್ಲಿ ಆ ಪಟ್ಟಿಗೆ ಸೇರಿತ್ತು. 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದ ಮೇಲೆ ಉಪ್ಪುನೀರಿನ ಹದ ಮರಳಿ, ಮೀನು ಹೆಚ್ಚಿ, 2002ರಲ್ಲಿ ಪಟ್ಟಿಯಿಂದ ಹೊರಬಂತು.

ನಮ್ಮ ಅಂಕಸಮುದ್ರ ಅಷ್ಟು ದೊಡ್ಡದಲ್ಲ; 98.76 ಹೆಕ್ಟೇರ್, ಅಂದರೆ ಸುಮಾರು 244 ಎಕರೆ. ನೀರಾವರಿಗೆಂದು ಕಟ್ಟಿದ ಕೆರೆ. ಒಳಗಿನ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಗೂಡು ಕಟ್ಟುತ್ತವೆ. ಒಪ್ಪಂದವು ಕೆರೆಯ ನೀರನ್ನು ಮುಟ್ಟಬೇಡಿ ಎನ್ನುವುದಿಲ್ಲ. 'ವಿವೇಕದ ಬಳಕೆ' ಎನ್ನುತ್ತದೆ. ಕೇಳಲು ಚೆಂದ. ಆದರೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ರೈತರಿಗೆ ಬರಗಾಲವೆಂದರೇನೆಂದು ಹೇಳಿಕೊಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಗೂಡಿನಲ್ಲಿ ಮರಿಗಳಿರುವಾಗ ತೂಬು ಎತ್ತಬೇಕೇ, ಬೇಡವೇ? ಸ್ವಿಟ್ಜರ್ಲೆಂಡಿನಲ್ಲಿರುವ ಒಪ್ಪಂದದ ಕಚೇರಿ ಇದಕ್ಕೆ ಉತ್ತರ ಕೊಡಲಾರದು. ಪೈರು ಒಣಗಿದವನಿಗೆ ಪರಿಹಾರವನ್ನೂ ಅದು ಕೊಡುವುದಿಲ್ಲ.

ಈ ಕೆರೆ 2017ರಿಂದಲೇ ನಮ್ಮ ವನ್ಯಜೀವಿ ಕಾನೂನಿನ ಪ್ರಕಾರ ಪಕ್ಷಿ ಸಂರಕ್ಷಣಾ ಮೀಸಲು. ಇಂಥ ಮೀಸಲು ಘೋಷಿಸುವ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು ಎಂದು ಆ ಕಾನೂನು ಹೇಳುತ್ತದೆ. ತೂಬಿನ ಮಾತು ಇತ್ಯರ್ಥವಾಗಬೇಕಾದ ಜಾಗ ಅದು. ಪೋಷಕರೇ, ಈ ಚಳಿಗಾಲದಲ್ಲಿ ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದರೆ ಹಕ್ಕಿಗಳ ಜೊತೆಗೆ ತೂಬನ್ನೂ ತೋರಿಸಿ.