ಬಾದಾಮಿಯ ಬಂಡೆಸಂದುಗಳಲ್ಲಿ ಸಂಚಾರ

ಬಾದಾಮಿಗೆ ಹೋದ ಕುಟುಂಬದವರು ಗುಹಾಲಯಗಳನ್ನೂ ಅಗಸ್ತ್ಯತೀರ್ಥವನ್ನೂ ಕಂಡು ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ಆದರೆ ತೀರ್ಥದ ಉತ್ತರದಲ್ಲಿ, ವಸ್ತುಸಂಗ್ರಹಾಲಯದ ಬಳಿಯಿಂದ ಮೇಲಣ ಶಿವಾಲಯಕ್ಕೆ ಏರುವ ದಾರಿಯೂ ಅಷ್ಟೇ ವಿಸ್ಮಯಕರವಾದುದು. ಇಕ್ಕೆಲದಲ್ಲಿ ಕೆಂಗಲ್ಲಿನ ಗೋಡೆಗಳು ನೆಟ್ಟಗೆ ನಿಂತಿವೆ. ನಡುವೆ ಕಿರಿದಾದ ಸಂದು. ತಲೆಯೆತ್ತಿದರೆ ಆಕಾಶವು ನೀಲಿಯ ಪಟ್ಟಿಯಂತೆ ತೋರುವುದು. ಮರಳುಗಲ್ಲಿನ ಬಿರುಕುಗಳನ್ನು ಮಳೆನೀರು ಯುಗಯುಗಗಳಿಂದ ಕೊರೆದು ಅಗಲಿಸುತ್ತ ಬಂದಿದೆ. ನೀರು ತೆರೆದ ದಾರಿಯು ಇಂದಿಗೂ ನೀರಿನದೇ ಎಂಬುದನ್ನು ವಾಚಕರು ಮರೆಯಬಾರದು.

ಇಂತಹ ಸಂದುಗಳು ಅಮೆರಿಕದ ಮರುಭೂಮಿಯಲ್ಲಿಯೂ ಉಂಟು. ಅಲ್ಲಿಯ ಆರಿಜೋನಾ ಸಂಸ್ಥಾನದ ಆಂಟಲೋಪ್ ಕಮರಿಯಲ್ಲಿ 1997ನೆಯ ಇಸವಿ ಆಗಸ್ಟ್ 12ರಂದು 11 ಮಂದಿ ಪ್ರವಾಸಿಗಳು ನೀರಿಗೆ ಬಲಿಯಾದರು. ಅವರಿದ್ದೆಡೆಯಲ್ಲಿ ಬಿದ್ದ ಮಳೆಯು ಅತ್ಯಲ್ಪ; ದೂರದಲ್ಲಿ ಸುರಿದ ಮಳೆಯೇ ಪ್ರವಾಹವಾಗಿ ನುಗ್ಗಿತು. ಬಂಡೆಯು ನೀರನ್ನು ಹೀರುವುದಿಲ್ಲ. ಬಿದ್ದುದೆಲ್ಲವೂ ತಗ್ಗಿಗೇ ಹರಿಯುವುದು. ಜೋರಾಗಿ ಮಳೆಯಾದಾಗ ಬಾದಾಮಿಯ ಅಕ್ಕ-ತಂಗಿ ಜಲಪಾತವು ಧುಮುಕುವುದನ್ನು ಕಂಡವರಿಗೆ ಇದು ಹೊಸ ಮಾತಲ್ಲ.

ಆದುದರಿಂದ ತಲೆಯ ಮೇಲಣ ಆಕಾಶವೊಂದನ್ನೇ ನಂಬಿ ಸಂದನ್ನು ಹೊಗಬಾರದು. ಹವೆಯ ಮುನ್ಸೂಚನೆಯನ್ನು ನೋಡಿ, ಗುಡ್ಡದ ಮೇಲ್ಭಾಗದಲ್ಲಿ ಮೋಡವುಂಟೇ ಎಂದು ಊರವರನ್ನು ಕೇಳಿ ಹೊರಡತಕ್ಕದ್ದು. ಗುಡುಗು ಕೇಳಿಬಂದರೆ, ಹರಿಯುವ ನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಗಂಟುಮೂಟೆಗಳ ಆಸೆಯನ್ನು ಬಿಟ್ಟು ಒಡನೆ ಎತ್ತರಕ್ಕೆ ಏರತಕ್ಕದ್ದು. ಒದ್ದೆಯಾದ ಕಲ್ಲು ಜಾರುವುದು. ಮಕ್ಕಳ ಕೈಯನ್ನು ಬಿಡಬಾರದು.

ಬಿಸಿಲು ಎರಡನೆಯ ವೈರಿ. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಂದ ಒಂದೇ ದಿನದಲ್ಲಿ ಹೋಗಿಬರುವವರು ತಡವಾಗಿ ಹೊರಟು, ಬಂಡೆ ಕಾದ ಮೇಲೆ ಹತ್ತತೊಡಗಿ ಬಳಲುವುದುಂಟು. ನಸುಕಿನಲ್ಲಿಯೇ ಹೊರಡುವುದು ಮೇಲು. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಅರ್ಧ ದಿನದ ನಡಿಗೆಗೆ ಆಳೊಬ್ಬರಿಗೆ 3 ಲೀಟರು ನೀರು ಹೆಚ್ಚೇನಲ್ಲ. ಜೋಳದ ರೊಟ್ಟಿ, ಶೇಂಗಾಚಟ್ನಿ, ಬೆಲ್ಲ ಜೊತೆಗಿರಲಿ; ಮಂಗಗಳ ಕಾಟವಿರುವುದರಿಂದ ಬುತ್ತಿಯನ್ನು ಮುಚ್ಚಿದ ಚೀಲದಲ್ಲಿಡಬೇಕು. ತಲೆಸುತ್ತು, ಓಕರಿಕೆ ತೋರಿದವರನ್ನು ನೆರಳಿನಲ್ಲಿ ಮಲಗಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಬೇಕು. ಮಾತು ತಡವರಿಸಿದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಪ್ರಾಚೀನ ಚಿತ್ರಗಳುಳ್ಳ ಸಿಡ್ಲಫಡಿಗೆ ಕುರುಚಲು ಕಾಡಿನ ನಡುವೆ ನಡೆಯಬೇಕು. ಅಲ್ಲಿಗೆ ದಾರಿ ಬಲ್ಲವರೊಡನೆಯೇ ಹೋಗತಕ್ಕದ್ದು. ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ತಂಗಿದ ಮನೆಯಲ್ಲಿ ತಿಳಿಸಿರಬೇಕು. ಎತ್ತರದ ಗೋಡೆಗಳ ನಡುವೆ ಮೊಬೈಲು ಮೂಕವಾಗಬಹುದು. ಅದು ಕೆಲಸಮಾಡುವೆಡೆಯಲ್ಲಿ, ಆಪತ್ತಾದರೆ 112ಕ್ಕೆ ಕರೆಮಾಡಬಹುದು.

ಮೋಡ ಕವಿದ ದಿನ ಅರ್ಧದಾರಿಯಿಂದ ಹಿಂದಿರುಗುವುದು ಹೇಡಿತನವಲ್ಲ. ಬಂಡೆಗಳು ಎಲ್ಲಿಗೂ ಹೋಗುವುದಿಲ್ಲ. ಮಕ್ಕಳೊಡನೆ ಇನ್ನೊಮ್ಮೆ ಬರಬಹುದು.