ಮಂಗನ ಕಾಯಿಲೆಯು ಹಬ್ಬಿದ ದಾರಿ

ಮಲೆನಾಡಿನ ಕಾಡಂಚಿನ ಗ್ರಾಮಗಳಲ್ಲಿ ಮಳೆಗಾಲವು ಕಳೆದು ನೆಲ ಒಣಗಿದೊಡನೆ ಆಳುಕಾಳುಗಳು ಸೌದೆಗೂ ದರಗಿಗೂ ಕಾಡನ್ನು ಹೊಗುವುದು ವಾಡಿಕೆ. ಮಂಗನ ಕಾಯಿಲೆಯೆಂಬ ಕಠಿಣ ಜ್ವರವು ತಲೆದೋರುವುದೂ ಇದೇ ಕಾಲದಲ್ಲಿಯೇ. ಇವೆರಡಕ್ಕೂ ಇರುವ ಸಂಬಂಧವನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲೀಕರೂ ಚೆನ್ನಾಗಿ ಅರಿತಿರತಕ್ಕದ್ದು.

1957ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಕೋತಿಗಳೂ ಮುಸಿಯಗಳೂ ಸತ್ತುಬಿದ್ದವು. ಕಾಡಿಗೆ ಹೋಗಿ ಬಂದ ಜನರೂ ಜ್ವರದಿಂದ ಮಲಗಿದರು. ಮಂಗಗಳ ಸಾವನ್ನು ಕಂಡು, ಹಳದಿ ಜ್ವರವು ಭಾರತವನ್ನು ಪ್ರವೇಶಿಸಿತೋ ಎಂಬ ಶಂಕೆಯುಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಪರೀಕ್ಷಿಸಲಾಗಿ, ಅದು ಹಳದಿ ಜ್ವರವಲ್ಲವೆಂದೂ, ಉಣುಗುಗಳ ಮೂಲಕ ಹರಡುವ ಹೊಸದೊಂದು ವೈರಸ್ಸೆಂದೂ ಸಿದ್ಧವಾಯಿತು. ಆ ಕಾಡಿನ ಹೆಸರೇ ರೋಗಕ್ಕೂ ನಿಂತಿತು.

ಮೊದಲ ಹದಿನೈದು ವರ್ಷಗಳ ಕಾಲ ಈ ವ್ಯಾಧಿಯು ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳ ಎಲ್ಲೆಯೊಳಗೇ ಕಾಣಿಸುತ್ತಿದ್ದಿತು. ಆ ಬಳಿಕ ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ತೋರಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರುತೋಟಕ್ಕಾಗಿ ಕಾಡನ್ನು ಕಡಿದ ಪ್ರದೇಶದಲ್ಲಿ ಕಾಣಿಸಿಕೊಂಡು, ಸಾವಿರಕ್ಕೂ ಮಿಕ್ಕಿ ಜನರನ್ನು ಹಿಡಿದು, ನೂರಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡಿತು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ಸುಟ್ಟವರಿಗೆ ರೋಗ ತಗಲಿತು. 2013ರಲ್ಲಿ ಕೇರಳದ ವಯನಾಡಿನಲ್ಲಿಯೂ, 2015ರಲ್ಲಿ ಗೋವೆಯಲ್ಲಿಯೂ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಾಣಿಸಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಮತ್ತೆ ಉಲ್ಬಣಿಸಿತು. ಒಮ್ಮೆ ಶಾಂತವಾದ ಊರು ಎಂದೆಂದಿಗೂ ಕ್ಷೇಮವೆಂದು ತಿಳಿಯುವುದು ತಪ್ಪೆಂಬುದಕ್ಕೆ ಇದೇ ನಿದರ್ಶನ.

ಉಣುಗು ತಾನಾಗಿ ಬಹುದೂರ ನಡೆಯತಕ್ಕ ಜೀವಿಯಲ್ಲ. ಪ್ರಾಣಿಗಳ ಮೈಮೇಲೆ ಕುಳಿತು ಸಾಗುವುದು. ಬೆಳೆದ ಉಣುಗು ಮಳೆಗಾಲದಲ್ಲಿ ದನಕರುಗಳ ಮತ್ತು ಕಾಡುಮೃಗಗಳ ರಕ್ತವನ್ನು ಹೀರಿ ನೆಲದಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿಗಳು ಇಲಿ, ಹೆಗ್ಗಣ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಣ್ಣಿಗೆ ಬೀಳದಷ್ಟು ಸಣ್ಣದಾದ ಎಳೆಯ ಉಣುಗುಗಳು ತರಗೆಲೆಗಳಲ್ಲಿ ತುಂಬಿದ್ದು ಮನುಷ್ಯರನ್ನೂ ಕಚ್ಚುತ್ತವೆ. ದನಗಳು ಈ ವ್ಯಾಧಿಯಿಂದ ಮಲಗುವುದಿಲ್ಲವಾದರೂ ಉಣುಗುಗಳ ವೃದ್ಧಿಗೆ ಆಸರೆಯಾಗುತ್ತವೆ. ಒಬ್ಬ ರೋಗಿಯಿಂದ ಮತ್ತೊಬ್ಬರಿಗೆ ರೋಗವು ಅಂಟುವುದಿಲ್ಲ. ಆದಕಾರಣ ರೋಗಿಯನ್ನು ದೂರವಿಡುವುದು ಅನ್ಯಾಯ.

ಮಂಗವು ಸತ್ತ ಕೂಡಲೇ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲವನ್ನು ವಿಷಸ್ಥಾನವನ್ನಾಗಿ ಮಾಡುತ್ತವೆ. ಮನುಷ್ಯರಿಗೆ ಜ್ವರ ಬರುವ ಮುಂಚೆಯೇ ಮಂಗಗಳು ಸಾಯುವುದುಂಟು. ಹೀಗಿರಲಾಗಿ, ರೋಗದ ಜಾಡನ್ನು ಹಿಡಿಯಲು ಸತ್ತ ಮಂಗದ ಸುದ್ದಿಗಿಂತ ಉತ್ತಮವಾದ ಸೂಚನೆ ಬೇರೊಂದಿಲ್ಲ. ಗ್ರಾಮದ ಮುಖ್ಯಸ್ಥರು ದಿನಾಂಕ, ಸ್ಥಳ, ಸತ್ತ ಪ್ರಾಣಿಗಳ ಸಂಖ್ಯೆ ಇವುಗಳನ್ನು ಬರೆದಿಟ್ಟು, ಅಂದೇ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸತಕ್ಕದ್ದು. ಹೆಣವನ್ನು ಯಾರೂ ಮುಟ್ಟಕೂಡದು. ಅಧಿಕಾರಿಗಳು ಔಷಧ ಸಿಂಪಡಿಸುವವರೆಗೆ ಆ ಕಡೆಗೆ ದನಗಳನ್ನೂ ಆಳುಗಳನ್ನೂ ಬಿಡಕೂಡದು.

ದರಗು ತರಿಸುವ ಭೂಮಾಲೀಕರು ಆಳುಗಳಿಗೆ ಉಣುಗು ನಿವಾರಕ ತೈಲವನ್ನು ಕೊಡಿಸಿ, ಮೈತುಂಬ ಬಟ್ಟೆ ತೊಡಿಸಿ ಕಳುಹಿಸುವುದು ಯುಕ್ತ. ಹಿಂದಿರುಗಿದವರು ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಸಾಬೂನು ಹಚ್ಚಿ ಸ್ನಾನಮಾಡಬೇಕು. ದರಗಿನ ರಾಶಿಯನ್ನು ವಾಸದ ಮನೆಯ ಹತ್ತಿರ ಹಾಕಬಾರದು. ದನಗಳ ಉಣುಗನ್ನು ಪಶುವೈದ್ಯರ ಸಲಹೆಯಂತೆ ನಿವಾರಿಸಬೇಕು. ಫಕ್ಕನೆ ಜ್ವರ, ತಲೆನೋವು, ಮೈಕೈ ನೋವು, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ ತೋರಿದಲ್ಲಿ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಈ ವೈರಸ್ಸನ್ನೇ ಕೊಲ್ಲುವ ಸಿದ್ಧೌಷಧವಿಲ್ಲ. ಶುಶ್ರೂಷೆಯಿಂದಲೇ ಹೆಚ್ಚಿನವರು ಉಳಿಯುತ್ತಾರೆ. ಬಹುಕಾಲ ಬಳಕೆಯಲ್ಲಿದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತಾದ್ದರಿಂದ ಎಚ್ಚರಿಕೆಯ ಭಾರವು ಹೆಚ್ಚಿದೆ.

ಸುದ್ದಿ ಹೊರಬಿದ್ದರೆ ಆಳುಗಳು ಬಾರದೆ ತೋಟದ ಕೆಲಸ ನಿಲ್ಲುವುದೆಂದು ಮಂಗನ ಸಾವನ್ನು ಮುಚ್ಚಿಡುವ ಮನಸ್ಸಾಗಬಹುದು. ಆದರೆ ನಾಲ್ಕು ದಿನದ ಕೆಲಸ ನಿಂತರೆ ಮುಂದೆ ಮಾಡಿಕೊಳ್ಳಬಹುದು. ಕೂಲಿಗೆ ಹೋದ ತಾಯಿಯು ಸತ್ತರೆ ಆ ಮನೆಯ ಮಕ್ಕಳಿಗೆ ಅವಳನ್ನು ತಂದುಕೊಡುವವರಾರು? ಆಳನ್ನು ಕಾಡಿಗೆ ಕಳುಹಿಸಿದವರಿಗೆ ಅವನ ಕ್ಷೇಮದ ಹೊಣೆಯೂ ಉಂಟೆಂಬುದನ್ನು ಮರೆಯಲಾಗದು.